ಮೇಲೆ ತಳುಕು, ಒಳಗೇನು?

ಒಂದು ಸಂಜೆ ನಮ್ಮ ಬೀದಿಯ ಹಿರಿಯರೊಬ್ಬರು ಗೇಟಿನ ಬಳಿ ನಿಂತು ಕರೆದರು. ಕೈಯಲ್ಲಿ ಮೊಬೈಲು, ಮುಖದಲ್ಲಿ ಗಾಬರಿ. "ರೇಷನ್ ಕಾರ್ಡು ರದ್ದಂತೆ, ಹೌದಾ ಮಗಾ?" ಎಂದು ಕೇಳಿದರು. ಮೊಬೈಲಿನ ಪರದೆಯ ಮೇಲೆ ಕೆಂಪು ಹಿನ್ನೆಲೆಯಲ್ಲಿ ಹಳದಿ ಅಕ್ಷರ, ಅಳುವ ಹೆಂಗಸೊಬ್ಬಳ ಚಿತ್ರ, ಒಂದು ಕಾರ್ಡಿನ ಮೇಲೆ ದೊಡ್ಡ ಅಡ್ಡಗೀಟು. ಕೆಳಗೆ ಶೀರ್ಷಿಕೆ: 'ರೇಷನ್ ಕಾರ್ಡ್ ರದ್ದು?' ಇಬ್ಬರೂ ಕೂತು ವಿಡಿಯೋ ನೋಡಿದೆವು. ಒಂಬತ್ತು ನಿಮಿಷದ ವಿಡಿಯೋದ ಏಳನೇ ನಿಮಿಷದಲ್ಲಿ ವಿಷಯ ಹೊರಬಿತ್ತು: ಬೆರಳಚ್ಚು ಕೊಟ್ಟು ಇ-ಕೆವೈಸಿ ಮಾಡಿಸದವರು ಪಡಿತರ ಅಂಗಡಿಗೆ ಹೋಗಿ ಬೇಗ ಮಾಡಿಸಿಕೊಳ್ಳಿ. ಇಷ್ಟೇ. ಇದು ಉಪಯುಕ್ತ ಮಾಹಿತಿಯೇ. ಆದರೆ ಆ ಹಿರಿಯರು ಅದನ್ನು ನೋಡಿರಲೇ ಇಲ್ಲ. ಅವರು ಓದಿದ್ದು ಶೀರ್ಷಿಕೆ, ಕಂಡದ್ದು ಚಿತ್ರ. ನನ್ನಲ್ಲಿಗೆ ಬರುವ ಮೊದಲೇ ಆ ಸುದ್ದಿಯನ್ನು ನಾಲ್ಕು ಮನೆಗಳಿಗೆ ಮುಟ್ಟಿಸಿಯೂ ಆಗಿತ್ತು.

ವಿಡಿಯೋಗಳ ಮುಖಚಿತ್ರ, ಅಂದರೆ ಥಂಬ್‌ನೇಲ್, ಮತ್ತು ಶೀರ್ಷಿಕೆಗಳ ಬಗ್ಗೆ ನಾವು ಮಾತಾಡುವಾಗ ಸಾಮಾನ್ಯವಾಗಿ ಒಂದೇ ದೂರು ಕೇಳಿಬರುತ್ತದೆ. ಹೊರಗೆ ಹೇಳಿದ್ದು ಒಳಗಿಲ್ಲ, ನಮ್ಮ ಸಮಯ ಹಾಳಾಯಿತು ಎಂದು. ಇದು ತೆರೆದು ನೋಡಿದವರ ದೂರು. ತೆರೆಯದವರ ಗತಿ ಏನು? ಯೂಟ್ಯೂಬ್ ತಾನೇ ನೀಡಿರುವ ಲೆಕ್ಕದ ಪ್ರಕಾರ, ಅಲ್ಲಿನ ಅರ್ಧದಷ್ಟು ಚಾನೆಲ್ ಮತ್ತು ವಿಡಿಯೋಗಳ ಮುಖಚಿತ್ರವನ್ನು ಜನ ಒತ್ತುವ ಪ್ರಮಾಣ ಶೇ. 2ರಿಂದ 10ರಷ್ಟು. ಅಂದರೆ ಅವುಗಳ ಮುಖಚಿತ್ರ ನೂರು ಸಲ ಕಣ್ಣಿಗೆ ಬಿದ್ದರೆ ಕನಿಷ್ಠ ತೊಂಬತ್ತು ಸಲ ಯಾರೂ ಒಳಹೊಕ್ಕು ನೋಡುವುದಿಲ್ಲ. ಹಾಗೆ ದಾಟಿ ಹೋದವರ ಪಾಲಿಗೆ ಶೀರ್ಷಿಕೆಯೇ ಸುದ್ದಿ, ಮುಖಚಿತ್ರವೇ ಸಾಕ್ಷ್ಯ. ಬಾಗಿಲೆಂದು ಕಟ್ಟಿದ್ದು ಬಹುಪಾಲು ಮಂದಿಗೆ ಮನೆಯೇ ಆಗಿಬಿಟ್ಟಿದೆ.

ಇದು ಮೊದಲಿನಿಂದಲೂ ಹೀಗಿರಲಿಲ್ಲ. 2005ರಲ್ಲಿ ಯೂಟ್ಯೂಬ್ ಆರಂಭವಾದಾಗ ಮುಖಚಿತ್ರವೆಂದರೆ ಆ ವಿಡಿಯೋದೊಳಗಿನದೇ ಒಂದು ದೃಶ್ಯದ ತುಣುಕು. ಚೆಂದವಿರಲಿ, ಇಲ್ಲದಿರಲಿ, ಅದು ಒಳಗಿನ ಸರಕೇ ಆಗಿರುತ್ತಿತ್ತು. ಮುಂದೆ ಚಿತ್ರವನ್ನು ಪ್ರತ್ಯೇಕವಾಗಿ ತಯಾರಿಸಿ ಅಂಟಿಸುವ ಅವಕಾಶ ಬಂತು. ಅಂದಿನಿಂದ ಮುಖ ಮತ್ತು ದೇಹ ಬೇರೆಬೇರೆಯಾದವು.

ಹಾಗೆಂದು ಈ ಕಸುಬನ್ನೇ ತಿರಸ್ಕರಿಸುವುದು ಸರಿಯಲ್ಲ. ಅದೊಂದು ನಿಜವಾದ ಕಲೆ. ಹೆಬ್ಬೆರಳಿನ ಗಾತ್ರದ ಜಾಗದಲ್ಲಿ ಒಂದು ಇಡೀ ವಿಡಿಯೋದ ತಿರುಳನ್ನು ಹೇಳಬೇಕು. ಬಲಗಡೆ ಕೆಳಮೂಲೆಯನ್ನು ವಿಡಿಯೋದ ಅವಧಿ ತೋರಿಸುವ ಪಟ್ಟಿ ನುಂಗುವುದರಿಂದ ಅಲ್ಲಿ ಏನನ್ನೂ ಬರೆಯುವಂತಿಲ್ಲ. ಶೀರ್ಷಿಕೆಗೆ 100 ಅಕ್ಷರಗಳ ಮಿತಿ ಇದ್ದರೂ ಮೊಬೈಲಿನಲ್ಲಿ ಅದರ ಬಾಲ ಕತ್ತರಿಸಿ ಹೋಗುತ್ತದೆ. ಹಾಗಾಗಿ ಮುಖ್ಯ ಮಾತು ಮೊದಲೇ ಬರಬೇಕು. ನಮ್ಮ ಕನ್ನಡಕ್ಕೆ ಇನ್ನೂ ಒಂದು ತೊಡಕಿದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗಿಳಿಯುತ್ತವೆ, ಅಕ್ಷರ ಕಿರಿದಾದರೆ ಮಸಿಯ ಚುಕ್ಕೆಯಂತೆ ಕಾಣುತ್ತವೆ. ಆದ್ದರಿಂದ ಮುಖಚಿತ್ರದ ಮೇಲೆ ಎಂಟು ಪದಗಳನ್ನು ತುರುಕುವ ಬದಲು ಮೂರು ಪದಗಳನ್ನು ದಪ್ಪವಾಗಿ ಬರೆಯುವವನೇ ಜಾಣ. ಇದನ್ನೆಲ್ಲ ಅರಿತು ಕೆಲಸ ಮಾಡುವ ಯುವಕರು ನಮ್ಮ ನಡುವೆ ಇದ್ದಾರೆ. ಅವರ ಶ್ರಮಕ್ಕೆ ಬೆಲೆಯಿದೆ.

ಕುತೂಹಲ ಕೆರಳಿಸುವುದೂ ತಪ್ಪಲ್ಲ. ತನಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕಾದುದಕ್ಕೂ ನಡುವಿನ ಅಂತರವೇ ಮನುಷ್ಯನನ್ನು ಕಾಡುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ವಿವರಿಸಿದರು. 'ನೀರುದೋಸೆ ಹೆಂಚಿಗೆ ಅಂಟುವುದೇಕೆ?' ಎಂಬ ಶೀರ್ಷಿಕೆ ಈ ಅಂತರವನ್ನೇ ಬಳಸುತ್ತದೆ. ಒಳಗೆ ಉತ್ತರವಿದ್ದರೆ ನೋಡಿದವರಿಗೆ ಲಾಭ, ದಾಟಿ ಹೋದವರಿಗೆ ನಷ್ಟವಿಲ್ಲ. ಆದರೆ 'ರೇಷನ್ ಕಾರ್ಡ್ ರದ್ದು?' ಎಂಬುದು ಬೇರೆಯೇ ಜಾತಿಯ ಪ್ರಶ್ನೆ. ಅಲ್ಲಿ ಕೇಳುವವನಿಗೆ ಉತ್ತರ ಮೊದಲೇ ಗೊತ್ತಿದೆ, ಅದು 'ಇಲ್ಲ' ಎಂಬುದೂ ಗೊತ್ತಿದೆ. ಪ್ರಶ್ನಾರ್ಥಕ ಚಿಹ್ನೆಯಿಂದ ಮುಗಿಯುವ ಯಾವ ತಲೆಬರಹಕ್ಕೂ 'ಇಲ್ಲ' ಎಂದು ಉತ್ತರಿಸಿಬಿಡಬಹುದು ಎಂದು ಬ್ರಿಟಿಷ್ ಪತ್ರಕರ್ತ ಇಯಾನ್ ಬೆಟರಿಜ್ 2009ರಲ್ಲಿ ಬರೆದರು. ಸುಳ್ಳನ್ನು ಹೇಳಿಯೂ ಹೇಳದಂತೆ ನಟಿಸಲು ಆ ಪುಟ್ಟ ಕೊಕ್ಕೆ ಸಾಕು.

ಈ ಆಟದ ಬೆಲೆ ಏನೆಂಬುದು ನಮಗೆ ತಿಳಿಯದ್ದಲ್ಲ. 2020ರಲ್ಲಿ ದೆಹಲಿಯ ತಬ್ಲೀಗ್ ಸಮಾವೇಶವನ್ನು ಕೊರೊನಾದೊಂದಿಗೆ ತಳುಕು ಹಾಕಿದ ಕಾರ್ಯಕ್ರಮಗಳಿಗಾಗಿ ಎರಡು ಕನ್ನಡ ಸುದ್ದಿವಾಹಿನಿಗಳಿಗೆ ಸುದ್ದಿ ಪ್ರಸಾರಕರ ಸ್ವನಿಯಂತ್ರಣ ಪ್ರಾಧಿಕಾರವು 2021ರ ಜೂನ್‌ನಲ್ಲಿ ದಂಡ ವಿಧಿಸಿತು. ಒಂದಕ್ಕೆ ಒಂದು ಲಕ್ಷ, ಇನ್ನೊಂದಕ್ಕೆ 50 ಸಾವಿರ ರೂಪಾಯಿ. ಅದು ಟಿವಿಯ ಪ್ರಕರಣ, ನಿಜ. ಆದರೆ ಟಿವಿ ಪರದೆಯ ಮೇಲೆ ಸಿಡಿಯುವ ಅಕ್ಷರಗಳೂ ಮೊಬೈಲಿನ ಮುಖಚಿತ್ರಗಳೂ ಒಂದೇ ಟಂಕಸಾಲೆಯ ನಾಣ್ಯಗಳು. ಅಂದು ತರಕಾರಿ, ಹಣ್ಣು ಮಾರುವ ಬಡಪಾಯಿಯನ್ನು ಬೀದಿಯಿಂದ ಅಟ್ಟಿದವರು ಇಡೀ ಕಾರ್ಯಕ್ರಮವನ್ನು ಕೂತು ನೋಡಿದ್ದರೇ? ಹಲವರಿಗೆ ತಲೆಬರಹವೇ ಸಾಕಾಗಿತ್ತು.

ಯೂಟ್ಯೂಬ್ ಸಂಸ್ಥೆ ಕೈಕಟ್ಟಿ ಕೂತಿದೆ ಎನ್ನುವಂತಿಲ್ಲ. 2012ರಿಂದ ಅದು ಒತ್ತಿದವರ ಸಂಖ್ಯೆಗಿಂತ ನೋಡಿದ ಸಮಯಕ್ಕೆ ಹೆಚ್ಚು ಮಹತ್ವ ಕೊಟ್ಟಿತು. 2024ರಲ್ಲಿ ಒಂದೇ ವಿಡಿಯೋಗೆ ಮೂರರವರೆಗೆ ಮುಖಚಿತ್ರ ಹಾಕಿ ಹೋಲಿಸುವ ಸೌಲಭ್ಯ ತಂದಾಗಲೂ ಗೆಲುವನ್ನು ನಿರ್ಧರಿಸಿದ್ದು ವೀಕ್ಷಣೆಯ ಸಮಯವೇ. ಅದೇ ವರ್ಷದ ಡಿಸೆಂಬರ್‌ನಲ್ಲಿ, ಒಳಗೆ ಇಲ್ಲದ್ದನ್ನು ಹೊರಗೆ ಹೇಳುವ ವಿಡಿಯೋಗಳ ಮೇಲೆ, ಮುಖ್ಯವಾಗಿ ತಾಜಾ ಸುದ್ದಿಯ ವಿಷಯದಲ್ಲಿ, ಭಾರತದಲ್ಲಿ ಕ್ರಮ ಬಿಗಿಗೊಳಿಸುವುದಾಗಿ ಪ್ರಕಟಿಸಿತು. ಇವೆಲ್ಲ ಸ್ವಾಗತಾರ್ಹ. ಆದರೆ ಈ ಅಳತೆಗೋಲುಗಳು ಅಳೆಯುವುದು ಒಳಗೆ ಬಂದವನ ಅನುಭವವನ್ನು ಮಾತ್ರ. ಹೊರಗಿನಿಂದಲೇ ಓದಿ, ನಂಬಿ, ನಡೆದುಹೋದವನ ಮನಸ್ಸಿನಲ್ಲಿ ಉಳಿದದ್ದೇನು ಎಂಬುದನ್ನು ತೂಗುವ ತಕ್ಕಡಿ ಯಾರ ಬಳಿಯೂ ಇಲ್ಲ. ಅದು ತಯಾರಿಸುವವನ ಆತ್ಮಸಾಕ್ಷಿಗೆ ಬಿಟ್ಟದ್ದು.

"ಸಪ್ಪೆ ಶೀರ್ಷಿಕೆ ಕೊಟ್ಟರೆ ಯಾರು ನೋಡುತ್ತಾರೆ?" ಎಂದು ವಿಡಿಯೋ ಮಾಡುವವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ನಮ್ಮ ಮೀನು ಮಾರುಕಟ್ಟೆಯಲ್ಲಿದೆ. ಅಲ್ಲಿಯೂ ಪೈಪೋಟಿಯಿದೆ, ಕೂಗಾಟವಿದೆ. ಆದರೆ ಒಳ್ಳೆಯ ವ್ಯಾಪಾರಿ ಬಂಗುಡೆಯ ಕಿವಿರು ಎತ್ತಿ ಕೆಂಪು ತೋರಿಸುತ್ತಾಳೆ. ಅದು ಒಳಗಿನದರದ್ದೇ ಒಂದು ಚೂರು, ಹೊರಗಿನವನಿಗೆ ಕಾಣುವಂತೆ. ಪರಿಣಾಮಕಾರಿ ಮುಖಚಿತ್ರ ಎಂದರೆ ಅದೇ. ಬಣ್ಣ ಹಚ್ಚಿದ ಮೀನನ್ನು ಒಮ್ಮೆ ಮಾರಬಹುದು. ಮರುದಿನ ಆ ಬುಟ್ಟಿಯ ಕಡೆ ಯಾರೂ ಬರುವುದಿಲ್ಲ.

ಈ ಮಾತನ್ನು ಇತರರಿಗೆ ಹೇಳಿ ಸುಮ್ಮನಾಗುವ ಹಕ್ಕು ನಮಗಿಲ್ಲ. ತಾಳ್ಮೆ, ಕ್ಷಮೆಗಳ ಬಗ್ಗೆ ಒಂದು ಗಂಟೆ ಮಾತಾಡಿದ ವಿದ್ವಾಂಸರ ಪ್ರವಚನಕ್ಕೆ 'ವಿರೋಧಿಗಳಿಗೆ ತಕ್ಕ ಉತ್ತರ' ಎಂಬ ತಲೆಬರಹ ಕಟ್ಟಿ, ಬೆರಳೆತ್ತಿದ ಒಂದು ಕ್ಷಣದ ಚಿತ್ರ ಅಂಟಿಸುವವರು ನಮ್ಮೊಳಗೂ ಇದ್ದಾರೆ. ಆ ಪ್ರವಚನವನ್ನು ಕೇಳದ ನೆರೆಮನೆಯವನಿಗೆ ತಲುಪುವುದು ಕ್ಷಮೆಯಲ್ಲ, ಆ ಬೆರಳು.

ಹಾಗಾದರೆ ಒಂದು ಸರಳ ಪರೀಕ್ಷೆ ಮಾಡಿಕೊಳ್ಳೋಣ. ಶೀರ್ಷಿಕೆ ಬರೆದ ಮೇಲೆ ತಮ್ಮಲ್ಲೇ ಕೇಳಿಕೊಳ್ಳಲಿ: ಈ ವಿಡಿಯೋವನ್ನು ಯಾರೂ ತೆರೆಯದೆ ಇಷ್ಟನ್ನೇ ಓದಿ ಹೋದರೆ, ಅವರು ಸತ್ಯ ತಿಳಿದು ಹೋಗುತ್ತಾರೋ, ಸುಳ್ಳು ಹೊತ್ತು ಹೋಗುತ್ತಾರೋ? ನಮ್ಮ ಬೀದಿಯ ಹಿರಿಯರು ಮರುದಿನ ಅಂಗಡಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದರು. 'ರೇಷನ್ ಕಾರ್ಡಿಗೆ ಬೆರಳಚ್ಚು ಕೊಟ್ಟಿದ್ದೀರಾ?' ಎಂದಿದ್ದರೆ ಅವರು ಹಿಂದಿನ ದಿನವೇ ಹೋಗುತ್ತಿದ್ದರು. ಆ ರಾತ್ರಿ ನಾಲ್ಕು ಮನೆಗಳವರು ನೆಮ್ಮದಿಯಾಗಿ ಮಲಗುತ್ತಿದ್ದರು.