ಪೆಟ್ಸೋಲ್ಡ್ ಸಿನಿಮಾ: ಎಲ್ಲಿಂದ ಶುರು, ಏನನ್ನು ನೋಡಬೇಕು

ಜರ್ಮನ್ ನಿರ್ದೇಶಕ ಕ್ರಿಸ್ಟಿಯಾನ್ ಪೆಟ್ಸೋಲ್ಡ್ ಅವರ ಸಿನಿಮಾಗಳನ್ನು ಅವು ಬಂದ ವರ್ಷದ ಕ್ರಮದಲ್ಲಿ ನೋಡಲು ಹೊರಡಬೇಡಿ. 2012ರ ‘ಬಾರ್ಬರಾ’ದಿಂದ ಶುರು ಮಾಡಿ. ಬರ್ಲಿನ್ ಚಿತ್ರೋತ್ಸವದಲ್ಲಿ ಅವರಿಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂದದ್ದು ಇದಕ್ಕೇ. ಪ್ರಶಸ್ತಿಯ ಮಾತು ಹಾಗಿರಲಿ, ಈ ನಿರ್ದೇಶಕರನ್ನು ನೋಡುವ ಬಗೆಯನ್ನು ಈ ಚಿತ್ರವೇ ಕಲಿಸಿಕೊಡುತ್ತದೆ.

ಕಾಲ 1980, ಪೂರ್ವ ಜರ್ಮನಿ. ದೇಶ ಬಿಡಲು ಅರ್ಜಿ ಹಾಕಿದ ತಪ್ಪಿಗೆ ಬರ್ಲಿನ್ನಿನ ದೊಡ್ಡಾಸ್ಪತ್ರೆಯಿಂದ ಬಾಲ್ಟಿಕ್ ಕಡಲ ಸೀಮೆಯ ಸಣ್ಣ ಊರಿಗೆ ಎತ್ತಂಗಡಿಯಾದ ವೈದ್ಯೆ ಬಾರ್ಬರಾ ಬಸ್ಸಿಳಿಯುತ್ತಾಳೆ. ಹೊತ್ತಿಗೆ ಮುಂಚೆಯೇ ಬಂದಿದ್ದರೂ ಅಲ್ಲಿನ ಆಸ್ಪತ್ರೆಯ ಒಳಗೆ ಹೋಗುವುದಿಲ್ಲ. ಬೆಂಚಿನ ಮೇಲೆ ಕೂತು ಸಿಗರೇಟು ಹಚ್ಚುತ್ತಾಳೆ. ಮೇಲಿನ ಕಿಟಕಿಯಿಂದ ಇಬ್ಬರು ನೋಡುತ್ತಿದ್ದಾರೆ: ಒಬ್ಬ ಅಲ್ಲಿನ ಡಾಕ್ಟರ್ ಆಂದ್ರೆ, ಇನ್ನೊಬ್ಬ ಗುಪ್ತ ಪೊಲೀಸ್ ಸ್ಟಾಸಿಯವನು. ಸರ್ಕಾರಕ್ಕೆ ತನ್ನ ಒಂದು ನಿಮಿಷವನ್ನೂ ಪುಕ್ಕಟೆ ಕೊಡಲೊಲ್ಲದ ಹೆಂಗಸು ಇವಳು ಎಂಬುದು ಆ ಸಿಗರೇಟಿನಲ್ಲೇ ತಿಳಿದುಹೋಗುತ್ತದೆ. ಸಂಭಾಷಣೆಗಾಗಿ ಕಾಯುತ್ತ ಕೂತವರಿಗೆ ಇದು ತಪ್ಪಿಹೋಗುತ್ತದೆ. ಆಮೇಲೆ ‘ಸಿನಿಮಾ ನಿಧಾನ’ ಎಂದು ಗೊಣಗುವವರೂ ಅವರೇ.

ಇದೇ ಚಿತ್ರದಲ್ಲಿ ಆಂದ್ರೆ ತನ್ನ ಪ್ರಯೋಗಾಲಯದ ಗೋಡೆಯಲ್ಲಿರುವ ರೆಂಬ್ರಾಂಟ್ ಚಿತ್ರವೊಂದನ್ನು ಬಾರ್ಬರಾಗೆ ವಿವರಿಸುವ ಭಾಗವಿದೆ. 1632ರ ಆ ಚಿತ್ರದಲ್ಲಿ ವೈದ್ಯರು ಹೆಣವೊಂದನ್ನು ಕೊಯ್ದು ಪರೀಕ್ಷಿಸುತ್ತಿದ್ದಾರೆ. ಕೊಯ್ದ ಕೈಯ ರಚನೆಯೇ ಸರಿಯಿಲ್ಲ, ಅದು ಪುಸ್ತಕದಿಂದ ಇಳಿಸಿದ ಕೈ ಎನ್ನುತ್ತಾನೆ ಆಂದ್ರೆ. ವೈದ್ಯರ ಕಣ್ಣೆಲ್ಲ ಅತ್ತ ಇಟ್ಟ ಗ್ರಂಥದ ಮೇಲೆ. ಗಲ್ಲಿಗೇರಿ ಸತ್ತು ಮಲಗಿದವನನ್ನು ನೋಡುತ್ತಿರುವವರು ನಾವು ಮಾತ್ರ. ಪೆಟ್ಸೋಲ್ಡ್ ತಮ್ಮ ಪ್ರೇಕ್ಷಕರಿಂದ ಬಯಸುವುದೂ ಇಷ್ಟೇ. ಇತಿಹಾಸದ ಪಾಠವನ್ನು ಬದಿಗಿಟ್ಟು ಎದುರಿಗಿರುವ ಮನುಷ್ಯರನ್ನು ನೋಡಿ.

ಕಿವಿಗೂ ಕೆಲಸವಿದೆ. ಇವರ ಚಿತ್ರಗಳಲ್ಲಿ ಹಿನ್ನೆಲೆ ಸಂಗೀತ ಬಹಳ ಕಡಿಮೆ. ‘ಬಾರ್ಬರಾ’ದಲ್ಲಿ ಸೈಕಲ್ ತುಳಿದು ಹೋಗುವಾಗ ಮರಗಳಲ್ಲಿ ಏಳುವ ಗಾಳಿಯ ಸದ್ದೇ ಭಯ ಹುಟ್ಟಿಸುತ್ತದೆ. ಕಣ್ಣೀರು ಯಾವಾಗ ಬರಬೇಕೆಂದು ಪಿಟೀಲು ಹೇಳಿಕೊಡುವ ಸಿನಿಮಾಗಳಿಗೆ ಒಗ್ಗಿದವರಿಗೆ ಮೊದಲ ಅರ್ಧಗಂಟೆ ಖಾಲಿ ಅನ್ನಿಸಬಹುದು. ಎದ್ದು ಹೋಗಬೇಡಿ.

ಎರಡನೆಯದಾಗಿ 2007ರ ‘ಯೆಲ್ಲಾ’ ನೋಡಿ. ಪೂರ್ವದ ವಿಟ್ಟೆನ್‌ಬೆರ್ಗೆಯಿಂದ ಕೆಲಸ ಹುಡುಕಿ ಪಶ್ಚಿಮದ ಹ್ಯಾನೋವರ್‌ಗೆ ಹೋಗುವವಳ ಕಥೆ. ಬಂಡವಾಳ ಹೂಡುವವರ ಚೌಕಾಶಿ ಸಭೆಗಳಲ್ಲಿ, ಕೈಗಳನ್ನು ತಲೆಯ ಹಿಂದೆ ಕಟ್ಟಿ ಕುರ್ಚಿಗೆ ಒರಗುವುದೂ ಒಂದು ಪಟ್ಟು ಎಂಬುದನ್ನು ಅವಳು ಕಲಿಯುತ್ತಾಳೆ. ದುಡ್ಡಿನ ಮಾತನ್ನು ಇಷ್ಟು ರೋಚಕವಾಗಿ ತೋರಿಸಿದ ಚಿತ್ರಗಳು ಕಡಿಮೆ. ಅದರ ಹಿಂದೆ ಪೆಟ್ಸೋಲ್ಡ್ ಅವರ ಗುರು ಹಾರುನ್ ಫರೋಕಿ ಇದ್ದಾರೆ. ಅಂಥದ್ದೇ ಒಂದು ನಿಜವಾದ ಚೌಕಾಶಿಯನ್ನು ಫರೋಕಿ 2004ರಲ್ಲಿ ಸಾಕ್ಷ್ಯಚಿತ್ರ ಮಾಡಿದ್ದರು. ಬರ್ಲಿನ್ನಿನ ಚಲನಚಿತ್ರ ಅಕಾಡೆಮಿಯಲ್ಲಿ ಪಾಠ ಹೇಳಿದ ಅವರು 2014ರಲ್ಲಿ ತೀರಿಕೊಳ್ಳುವವರೆಗೂ ಶಿಷ್ಯನ ಚಿತ್ರಕಥೆಗಳ ಜೊತೆಗಾರರಾಗಿದ್ದರು.

ಪೂರ್ವ ಪಶ್ಚಿಮಗಳ ನಡುವಿನ ಈ ಓಡಾಟ ಪೆಟ್ಸೋಲ್ಡ್ ಅವರಿಗೆ ಮನೆಯಲ್ಲೇ ಸಿಕ್ಕ ವಸ್ತು. 1960ರಲ್ಲಿ ಪಶ್ಚಿಮ ಜರ್ಮನಿಯ ಹಿಲ್ಡೆನ್‌ನಲ್ಲಿ ಹುಟ್ಟಿದರು. ತಂದೆ ತಾಯಿ ಪೂರ್ವದಿಂದ ಬಂದವರು. ಅದಕ್ಕೇ ಇರಬೇಕು, ಇವರ ಪಾತ್ರಗಳು ಮನೆಯಲ್ಲಿ ಇರುವುದಕ್ಕಿಂತ ಕಾರು, ಹೋಟೆಲು, ಬಂದರುಗಳಲ್ಲಿ ಇರುವುದೇ ಹೆಚ್ಚು. 2000ದಲ್ಲಿ ಅವರನ್ನು ಹೆಸರುವಾಸಿ ಮಾಡಿದ ‘ದಿ ಸ್ಟೇಟ್ ಐ ಆ್ಯಮ್ ಇನ್’ ಕೂಡ ತಲೆಮರೆಸಿಕೊಂಡ ಉಗ್ರಗಾಮಿ ದಂಪತಿ ಮತ್ತು ಅವರ ಹದಿಹರೆಯದ ಮಗಳ ಕಥೆ.

ಇಷ್ಟಾದ ಮೇಲೆ ‘ಫೀನಿಕ್ಸ್’ (2014). ನಾಜಿ ಸೆರೆಶಿಬಿರದಿಂದ ಬದುಕಿ ಬಂದವಳ ಮುಖ ಶಸ್ತ್ರಚಿಕಿತ್ಸೆಯಿಂದ ಬದಲಾಗಿದೆ. ಗಂಡ ಗುರುತು ಹಿಡಿಯುವುದಿಲ್ಲ; ಸತ್ತುಹೋದಳೆಂದುಕೊಂಡ ಹೆಂಡತಿಯ ಆಸ್ತಿಗಾಗಿ ಅವಳಿಗೇ ಅವಳ ವೇಷ ಹಾಕಿಸುತ್ತಾನೆ. ಹೀಗೂ ಉಂಟೇ ಎಂದು ಕೇಳಿದರೆ ಕೆಟ್ಟಿತು. ಯಕ್ಷಗಾನದಲ್ಲಿ ಮಾರುವೇಷದವರನ್ನು ಎದುರಿನವರು ಗುರುತಿಸದಿರುವುದನ್ನು ನಾವು ಒಪ್ಪಿಕೊಳ್ಳುವಂತೆ ಇದನ್ನೂ ಒಪ್ಪಿಕೊಂಡು ಕೂರಬೇಕು. ಕೊನೆಯಲ್ಲಿ ಆ ಹೆಂಡತಿಯ ಪಾತ್ರದ ನಟಿ ನೀನಾ ಹಾಸ್ ಹಾಡುವ ಹಾಡಿನ ಹೊತ್ತಿಗೆ ಫೋನು ದೂರವಿಡಿ. ಇತ್ತೀಚಿನ ಸಿನಿಮಾಗಳಲ್ಲಿ ಅಂಥ ಮುಕ್ತಾಯ ನಾನು ಬೇರೆ ನೋಡಿಲ್ಲ.

‘ಟ್ರಾನ್ಸಿಟ್’ (2018) ಇನ್ನೂ ಧೈರ್ಯದ್ದು. ಆನಾ ಸೇಗರ್ಸ್ ಬರೆದ ಎರಡನೇ ಮಹಾಯುದ್ಧದ ಕಾಲದ ಕಾದಂಬರಿಯನ್ನು ಇಂದಿನ ಮಾರ್ಸೇ ನಗರದಲ್ಲಿ, ಇಂದಿನ ಕಾರು, ಪೊಲೀಸರ ನಡುವೆ ಚಿತ್ರಿಸಿದ್ದಾರೆ. ವೀಸಾಕ್ಕಾಗಿ ಕಾಯುವವರು ಆಗಿನವರೋ ಈಗಿನವರೋ ಎಂಬ ಗೊಂದಲವನ್ನು ಬಿಡಿಸಿಕೊಳ್ಳಲು ಹೋಗದೆ ಹಾಗೇ ಇರಲು ಬಿಡಿ.

‘ಉಂಡೀನೆ’ (2020) ನನಗೆ ಅಷ್ಟಾಗಿ ರುಚಿಸಲಿಲ್ಲ. ನೀರಕನ್ಯೆಯ ಪುರಾಣ ಬರ್ಲಿನ್ ಇತಿಹಾಸದ ಭಾರಕ್ಕೆ ಬಳಲಿದೆ. 2023ರ ‘ಅಫೈರ್’ ಮಾತ್ರ ಬಿಡಬೇಡಿ. ಕಾಡಿಗೆ ಬೆಂಕಿ ಬಿದ್ದಿದ್ದರೂ ತನ್ನ ಹಸ್ತಪ್ರತಿಯ ಚಿಂತೆಯಲ್ಲೇ ಮುಖ ಗಂಟಿಕ್ಕಿಕೊಂಡ ಲೇಖಕ ಲಿಯೋನನನ್ನು ಕಂಡು ನಗು ಬರುತ್ತದೆ, ಬರೆಯುವ ಅಭ್ಯಾಸವಿದ್ದವರಿಗೆ ಸ್ವಲ್ಪ ಮುಜುಗರವೂ ಆಗುತ್ತದೆ. ಸದಾ ಗಂಭೀರ ಎನ್ನಿಸಿಕೊಂಡ ನಿರ್ದೇಶಕರ ಅತ್ಯಂತ ತಮಾಷೆಯ ಚಿತ್ರ ಇದು. ಆದರೆ ಇದನ್ನೇ ಮೊದಲು ನೋಡಿದರೆ ಅರ್ಧ ತಮಾಷೆ ಕೈತಪ್ಪುತ್ತದೆ. ‘ಬಾರ್ಬರಾ’, ‘ಫೀನಿಕ್ಸ್’ ಆದ ಮೇಲೆ ನೋಡಿ.