ಹಾವಿನ ನಡೆ, ಕುಣಿತದ ದಾರಿ: ಒಂದು ಮರುವಿವೇಚನೆ

ಸಾಲುಗಟ್ಟಿ ಬಳುಕುತ್ತ ಸಾಗುವ ಸಾಮೂಹಿಕ ಕುಣಿತಗಳನ್ನೆಲ್ಲ ಸರ್ಪಾರಾಧನೆಯ ಪಳೆಯುಳಿಕೆಗಳೆಂದು ಗುರುತಿಸುವ ಪ್ರವೃತ್ತಿ ಜಾನಪದ ಅಧ್ಯಯನದಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಆಕಾರಸಾಮ್ಯವನ್ನೇ ಆಚರಣೆಯ ಅರ್ಥವೆಂದು ಭಾವಿಸುವ ಈ ವಿಧಾನವನ್ನು ಕನಕಪುರ ರಸ್ತೆಯ ಹಾರೋಹಳ್ಳಿ ಪರಿಸರವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕರಾವಳಿಯ ನಾಗಮಂಡಲ ನಿಜಾರ್ಥದಲ್ಲಿ ಸರ್ಪನರ್ತನ. ಐದು ಬಣ್ಣದ ಪುಡಿಗಳಿಂದ ಬರೆದ, ಹೆಣೆದುಕೊಂಡ ಸರ್ಪದ ಮಂಡಲವೇ ಅದರ ಕೇಂದ್ರ. ಹಿಂಗಾರ ಹಿಡಿದ ನಾಗಪಾತ್ರಿಯ ಮೈಮೇಲೆ ನಾಗನ ಆವೇಶವಾಗುತ್ತದೆ. ಢಕ್ಕೆ ನುಡಿಸುವ ವೈದ್ಯ ನಾಗಕನ್ನಿಕೆಯಾಗಿ ಅವನೊಡನೆ ಮಂಡಲ ಸುತ್ತಿ ಕುಣಿಯುತ್ತಾನೆ. ಇಲ್ಲಿ ಸುತ್ತುವ ಹೆಜ್ಜೆಗೂ ನಾಗನಿಗೂ ಇರುವ ಸಂಬಂಧವನ್ನು ಆಚರಣೆಯೇ ಹೇಳುತ್ತದೆ.

ಹಳೆಯ ಮೈಸೂರು ಸೀಮೆಯ ಸ್ಥಿತಿ ಬೇರೆ. ಇಲ್ಲಿನ ನಾಗಾರಾಧನೆ ಹುತ್ತಕ್ಕೆ ತನಿ ಎರೆಯುವುದರಲ್ಲಿ, ಅರಳಿಕಟ್ಟೆಯ ನಾಗರಕಲ್ಲಿಗೆ ಸುತ್ತು ಬರುವುದರಲ್ಲಿ ನೆಲೆಗೊಂಡಿದೆ. ಕುಣಿತ ಗ್ರಾಮದೇವತೆಗೆ ಸಲ್ಲುತ್ತದೆ. ಪೂಜಾ ಕುಣಿತದಲ್ಲಿ ಬಿದಿರಿನ ಚೌಕಟ್ಟಿಗೆ ಸೀರೆಯುಡಿಸಿ ಅಲಂಕರಿಸಿದ 'ಪೂಜೆ'ಯನ್ನು ತಲೆಯ ಮೇಲೆ ಹೊತ್ತವರು ತಮಟೆಯ ಗತ್ತಿಗೆ ಕುಣಿಯುತ್ತ ದೇವತೆಯ ಮುಂದೆ ಸಾಗುತ್ತಾರೆ. ಆ ಮೆರವಣಿಗೆಯ ಬಳುಕನ್ನು ರೂಪಿಸಿದ್ದು ಊರಿನ ಓಣಿಗಳ ತಿರುವು. ಜಡೆ ಕೋಲಾಟದ ಹೆಣಿಗೆಗೂ ಹಾವನ್ನು ಕರೆತರಬೇಕಾಗಿಲ್ಲ. ಹಗ್ಗಗಳನ್ನು ಜಡೆಯಾಗಿ ಹೆಣೆದು, ಹೆಜ್ಜೆಯನ್ನು ಹಿಂತಿರುಗಿಸಿ ಬಿಚ್ಚುವ ಲೆಕ್ಕಾಚಾರವೇ ಅದರ ತಿರುಳು.

ಈ ಭೇದ ಕೇವಲ ಪಾರಿಭಾಷಿಕವಾದುದಲ್ಲ. ಓಣಿ, ಗುಡಿ, ಕಟ್ಟೆ, ಗಡಿಕಲ್ಲುಗಳ ಕ್ರಮವೇ ಮೆರವಣಿಗೆಯ ಪಠ್ಯವೆಂದು ಒಪ್ಪುವುದಾದರೆ, ಹೊಲಗಳು ಕೈಗಾರಿಕಾ ನಿವೇಶನಗಳಾಗಿ, ಬಂಡಿಜಾಡು ಲಾರಿಗಳ ನೇರ ರಸ್ತೆಯಾದ ಕಡೆ ಮೊದಲು ಅಳಿಸುವುದು ಆ ಪಠ್ಯವೇ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಸುತ್ತಣ ಹಳ್ಳಿಗಳ ಅಧ್ಯಯನಕ್ಕೆ ಇರುವ ತುರ್ತು ಇದು. ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ಸ್ಥಾಪಿಸಿದ ಜಾನಪದ ಲೋಕವು ಜನಪದ ವಸ್ತುಗಳನ್ನು ಕಾಪಿಟ್ಟ ಬಗೆ ಸ್ತುತ್ಯವಾದುದು. ಆದರೆ ದಾರಿಯನ್ನು ಯಾವ ವಸ್ತುಸಂಗ್ರಹಾಲಯಕ್ಕೂ ಒಯ್ಯಲಾಗದು.

ವೇಷ, ವಾದ್ಯ, ಹಾಡುಗಳನ್ನು ದಾಖಲಿಸುವ ನಮ್ಮ ಕ್ಷೇತ್ರಕಾರ್ಯ ಹೆಜ್ಜೆಯ ನಕ್ಷೆಗೆ ಅಷ್ಟೇ ಗಮನ ಕೊಡಬೇಕು. ಕುಣಿತ ಎಲ್ಲಿಂದ ಹೊರಟಿತು, ಯಾರ ಬಾಗಿಲಲ್ಲಿ ನಿಂತಿತು, ಯಾವ ಕೇರಿಯನ್ನು ಒಳಗೊಂಡಿತು, ಯಾವುದನ್ನು ಬಿಟ್ಟು ತಿರುಗಿತು ಎಂಬ ಪ್ರಶ್ನೆಗಳು ಊರಿನ ಅಧಿಕಾರದ ಸ್ವರೂಪವನ್ನೂ ಬಿಚ್ಚಿಡುತ್ತವೆ. ಪ್ರತಿ ತಿರುವಿನಲ್ಲೂ ಹಾವನ್ನು ಕಂಡ ಅಧ್ಯಯನಕ್ಕೆ, ಮೆರವಣಿಗೆ ಹೊಕ್ಕದ ಆ ಕೇರಿ ಕಾಣದೇ ಹೋಗುತ್ತದೆ.