ಗಾಳಿ ತುಂಬದೇ ಇದ್ದಾಗ

ಏರ್‌ಬ್ಯಾಗ್ ವೆಸ್ಟ್ ಬಗ್ಗೆ ಯಾವ ವಿಡಿಯೋ ನೋಡಿದರೂ ಒಂದು ದೃಶ್ಯ ಗ್ಯಾರಂಟಿ. ವೆಸ್ಟ್ ಹಾಕಿಕೊಂಡವನು ನಿಂತಲ್ಲೇ ಹಗ್ಗ ಜಗ್ಗುತ್ತಾನೆ, ಟಪ್ ಅಂತ ಸದ್ದು, ಕಣ್ಣು ಮಿಟುಕಿಸೋದರೊಳಗೆ ಮನುಷ್ಯ ಬಲೂನಿನ ಬೊಂಬೆ ಆಗಿರ್ತಾನೆ. ಎಲ್ಲರೂ ನಗ್ತಾರೆ. ಆ ನಗುವಿನ ಬೆನ್ನಿಗೇ ಒಂದು ಸಲಹೆ: ವೆಸ್ಟ್ ಇದ್ದಮೇಲೆ ಜಾಕೆಟ್ಟಿನ ಬ್ಯಾಕ್ ಪ್ರೊಟೆಕ್ಟರ್ ಯಾಕೆ, ತೆಗೆದುಬಿಡಿ, ಸೆಕೆಯಾದರೂ ಕಮ್ಮಿಯಾಗುತ್ತೆ. ನನ್ನ ತಕರಾರು ಇರೋದು ಈ ಸಲಹೆ ಜೊತೆ.

ಯಾಕಂದ್ರೆ ನಾನೂ ತೆಗೆದಿದ್ದೆ. ಬಿಸಿಲೆ ಘಾಟಿ, ಮಳೆಗಾಲ ಆಗಷ್ಟೇ ಮುಗಿದಿತ್ತು. ಫೋಟೋ ತೆಗೆಯೋಣ ಅಂತ ತಿರುವಿನಲ್ಲಿ ಬೈಕ್ ತಿರುಗಿಸ್ತಿದ್ದೆ. ವೇಗ ಅಂದ್ರೆ ನಡೆಯೋರ ವೇಗ. ಪಾಚಿ ಮೇಲೆ ಹಿಂದಿನ ಚಕ್ರ ಜಾರಿತು, ನಾನು ಹಿಮ್ಮುಖವಾಗಿ ಮೋರಿಯ ಕಲ್ಲಂಚಿನ ಮೇಲೆ ಬಿದ್ದೆ. ಮೈಮೇಲೆ ಹಗ್ಗದ ವೆಸ್ಟ್ ಇತ್ತು, ಹಗ್ಗ ಬೈಕಿಗೆ ಸರಿಯಾಗೇ ಸಿಕ್ಕಿಸಿತ್ತು. ಆದ್ರೆ ಬೈಕು ನಾನು ಒಟ್ಟಿಗೇ ಬಿದ್ವಲ್ಲ, ಹಗ್ಗ ಬಿಗಿಯಾಗಲೇ ಇಲ್ಲ. ವೆಸ್ಟು ಒಗೆದು ಹಾಕಿದ ಬಟ್ಟೆ ಹಾಗೆ ಮೆತ್ತಗೇ ಇತ್ತು. ಪ್ರೊಟೆಕ್ಟರ್ ಬೆಂಗಳೂರಿನಲ್ಲಿ, ಬೀರು ಮೇಲೆ. ಮೂಳೆ ಮುರಿಯಲಿಲ್ಲ, ಆದರೆ ಮೂರು ವಾರ ಶೂ ಲೇಸ್ ಕಟ್ಟಿದ್ದು ಅಮ್ಮ. ಮೂವತ್ತೊಂದು ವರ್ಷದವನಿಗೆ ಅದಕ್ಕಿಂತ ದೊಡ್ಡ ವಿಮರ್ಶೆ ಬೇಡ.

ವೆಸ್ಟಿನದು ಇಲ್ಲಿ ತಪ್ಪಿಲ್ಲ. ಸವಾರ ಬೈಕಿನಿಂದ ಬೇರ್ಪಟ್ಟು ಹಾರಿದಾಗ ಹಗ್ಗ ಕೀಲಿಯನ್ನು ಎಳೆದು, ಪುಟ್ಟ ಸಿಲಿಂಡರಿನ ಇಂಗಾಲದ ಡೈಆಕ್ಸೈಡು ಚೀಲಕ್ಕೆ ನುಗ್ಗಬೇಕು, ಅದರ ಕೆಲಸ ಅಷ್ಟೇ. ಸುಮ್ಮನೆ ಇಳಿದಾಗೆಲ್ಲ ಉಬ್ಬಬಾರದು ಅಂತ ಜೋರಾಗಿ ಎಳೆದರೆ ಮಾತ್ರ ಕೆಲಸ ಮಾಡೋ ಹಾಗೆ ಮಾಡಿರ್ತಾರೆ. ಎಲೆಕ್ಟ್ರಾನಿಕ್ ವೆಸ್ಟುಗಳು ಹಗ್ಗದ ಬದಲು ಸೆನ್ಸರ್ ನಂಬುತ್ತವೆ. ಅಲ್ಲೂ ಯಾವುದು ಅಪಘಾತ, ಯಾವುದು ಬರೀ ಗುಂಡಿ ಅಂತ ಒಂದು ಪ್ರೋಗ್ರಾಮ್ ತೀರ್ಮಾನಿಸಬೇಕು. ನಮ್ಮ ರಸ್ತೆ ಹಂಪುಗಳನ್ನು ನೆನೆಸಿಕೊಂಡರೆ ಆ ಪ್ರೋಗ್ರಾಮಿನ ಮೇಲೆ ಅಯ್ಯೋ ಅನ್ನಿಸುತ್ತೆ.

ತೆಗೆದುಬಿಡಿ ಅನ್ನೋರ ಹತ್ರ ಅಂಕಿಗಳಿವೆ, ಅವು ಸುಳ್ಳೂ ಅಲ್ಲ. ಯುರೋಪಿನ ಇಎನ್ 1621-2 ಮಾನದಂಡದಲ್ಲಿ ಬ್ಯಾಕ್ ಪ್ರೊಟೆಕ್ಟರ್ ಮೇಲೆ 5 ಕೆಜಿ ತೂಕವನ್ನು ಸುಮಾರು ಒಂದು ಮೀಟರ್ ಎತ್ತರದಿಂದ ಬೀಳಿಸ್ತಾರೆ. ಏಟು ಸುಮಾರು 50 ಜೂಲ್. ಆ ಏಟು ದಾಟಿ ಕೆಳಗೆ ತಲುಪೋ ಬಲ ಸರಾಸರಿ 18 ಕಿಲೋನ್ಯೂಟನ್ ಮೀರದಿದ್ದರೆ ಲೆವೆಲ್ 1, 9 ಮೀರದಿದ್ದರೆ ಲೆವೆಲ್ 2. ಏರ್‌ಬ್ಯಾಗಿನ ಮಾನದಂಡ 1621-4. ಅಲ್ಲಿ ಲೆವೆಲ್ 1ಕ್ಕೆ 4.5, ಲೆವೆಲ್ 2ಕ್ಕೆ 2.5. ಈ ಸಾಲು ನೋಡಿದವರಿಗೆ ಪ್ರೊಟೆಕ್ಟರ್ ಅಜ್ಜನ ಕಾಲದ ಸಾಮಾನು ಅನ್ನಿಸೋದು ಸಹಜ.

ಆದರೆ ಆ 4.5 ಉಬ್ಬಿದ ಚೀಲದ ಅಂಕಿ. ಉಬ್ಬದ ಚೀಲ ಎರಡು ಪದರ ಬಟ್ಟೆ. ಉಬ್ಬೋ ಮೊದಲು ಬಿದ್ದ ಏಟಿಗೆ, ಗಾಳಿ ಇಳಿದಮೇಲೆ ಬಿದ್ದ ಏಟಿಗೆ, ಚಾರ್ಜ್ ಮಾಡೋದು ಮರೆತ ದಿನಕ್ಕೆ ಆ ಅಂಕಿ ಉತ್ತರಿಸಲ್ಲ. ಪ್ರೊಟೆಕ್ಟರಿಗೆ ಬ್ಯಾಟರಿ ಇಲ್ಲ, ಹಗ್ಗ ಇಲ್ಲ, ತೀರ್ಮಾನ ಮಾಡೋ ಕೆಲಸ ಇಲ್ಲ. ಫ್ರಾನ್ಸಿನ ಹೆಲೈಟ್ ಕಂಪನಿ ತನ್ನ ಟರ್ಟಲ್ ವೆಸ್ಟಿನ ಒಳಗೇ, ಚೀಲದ ಹೊರಬದಿಗೆ, ಒಂದು ಪ್ರೊಟೆಕ್ಟರ್ ಇಟ್ಟಿದೆ. ಏರ್‌ಬ್ಯಾಗ್ ಮಾರೋರೇ ಪ್ರೊಟೆಕ್ಟರ್ ಬಿಟ್ಟಿಲ್ಲ, ನಾವು ಯಾಕೆ ಬಿಡಬೇಕು?

ಹಾಗಂತ ಎರಡೂ ಹಾಕಿದರೆ ಲೆವೆಲ್ 2 ಕೂಡಿಸು ಲೆವೆಲ್ 2, ಒಟ್ಟು ಲೆವೆಲ್ 4 ಅನ್ನೋ ಇನ್ನೊಂದು ಪಂಗಡವನ್ನೂ ನಂಬಬೇಡಿ. ನೀವು ಮನೇಲಿ ಮಾಡಿಕೊಂಡ ಜೋಡಿಯನ್ನು ಯಾರೂ ಆ ತೂಕದ ಕೆಳಗೆ ಇಟ್ಟು ನೋಡಿಲ್ಲ. ಬೆನ್ನಿನ ಮೇಲೆ ನೇರ ಬಿದ್ದ ಏಟನ್ನಷ್ಟೇ ಆ ಪರೀಕ್ಷೆ ಅಳೆಯುತ್ತೆ. ಕುಂಡೆ ಊರಿ ಬಿದ್ದು ಬೆನ್ನುಹುರಿ ಮೇಲಿಂದ ಕೆಳಕ್ಕೆ ಜಜ್ಜಿದರೆ ದಪ್ಪ ಪ್ಯಾಡು ಏನೂ ಮಾಡಲಾರದು.

ಜೋಡಿಯ ನಿಜವಾದ ತೊಂದರೆ ಜಾಗದ್ದು. ವೆಸ್ಟ್ ಜಾಕೆಟ್ಟಿನ ಮೇಲಿದ್ದರೆ ಚಿಂತೆ ಕಮ್ಮಿ: ಒಳಗೆ ಪ್ರೊಟೆಕ್ಟರ್, ಹೊರಗೆ ಚೀಲ, ಉಬ್ಬೋಕೆ ಇಡೀ ಆಕಾಶ. ಒಳಗೆ ಹಾಕೋ ವೆಸ್ಟಿನ ಕಥೆಯೇ ಬೇರೆ. ಚೀಲಕ್ಕೆ ಕೆಲವು ಸೆಂಟಿಮೀಟರ್ ಬೇಕು. ಮೈಗೆ ಅಂಟಿಕೊಂಡ ಜಾಕೆಟ್ಟು, ಅದರ ಬೆನ್ನಲ್ಲಿ ಬಾಗದ ಪ್ಲಾಸ್ಟಿಕ್ ಚಿಪ್ಪು ಇದ್ದರೆ ಗಾಳಿ ಹೊರಗೆ ಹೋಗೋಕೆ ದಾರಿಯಿಲ್ಲದೆ ಪಕ್ಕೆಲುಬಿನ ಕಡೆ ಒತ್ತುತ್ತೆ. ಅಂಥ ಕಡೆ ತೆಳ್ಳಗೆ ಬಾಗೋ ಪ್ಯಾಡ್ ಇರಲಿ, ಜಾಕೆಟ್ ಒಂದು ಸೈಜ್ ದೊಡ್ಡದಿರಲಿ. ವೆಸ್ಟಿನ ಕೈಪಿಡಿಯಲ್ಲಿ ಪ್ರೊಟೆಕ್ಟರ್ ತೆಗೆಯಿರಿ ಅಂತ ಬರೆದಿದ್ದರೆ ಅದನ್ನು ಕೇಳಿ, ನನ್ನನ್ನಲ್ಲ.

ಇನ್ನು ನಮ್ಮ ಜಾತಿಯವರಿಗೆ, ಅಂದ್ರೆ ಬೆನ್ನಿಗೆ ಲ್ಯಾಪ್‌ಟಾಪ್ ಏರಿಸಿಕೊಂಡು ಔಟರ್ ರಿಂಗ್ ರೋಡ್ ಸುತ್ತೋರಿಗೆ. ಹೊರಗಿನ ವೆಸ್ಟಿನ ಮೇಲೆ ಬ್ಯಾಗಿನ ಪಟ್ಟಿ ಬಿಗಿದರೆ ಚೀಲ ಉಬ್ಬೋ ಜಾಗವನ್ನೇ ಕಟ್ಟಿಹಾಕಿದ ಹಾಗೆ. ಇದನ್ನು ವಿಡಿಯೋದಲ್ಲಿ ಯಾರೂ ತೋರಿಸಲ್ಲ, ಯಾಕಂದ್ರೆ ಶೋರೂಮಿಗೆ ಯಾರೂ ಆಫೀಸ್ ಬ್ಯಾಗ್ ಹಾಕಿಕೊಂಡು ಹೋಗಲ್ಲ.

ಬೇಸರದ ಇನ್ನೊಂದು ವಿಷಯ. ನಾನು ಬೀರು ಮೇಲೆ ಬಿಟ್ಟಿದ್ದ ವಸ್ತುವನ್ನು ಆಮೇಲೆ ಕೈಗೆತ್ತಿ ನೋಡಿದೆ. ಅದರ ಮೇಲೆ ಯಾವ ಗುರುತೂ ಇರಲಿಲ್ಲ. ಜಾಕೆಟ್ ಜೊತೆ ಬಂದಿದ್ದು ಬರೀ ಸ್ಪಂಜು, ಆಕಾರ ನಿಲ್ಲಲಿ ಅಂತ ಇಟ್ಟಿದ್ದು. ಅದಿದ್ದಿದ್ದರೂ ಆ ಕಲ್ಲಿಗೆ ಎಷ್ಟು ತಡೆಯುತ್ತಿತ್ತೋ! ಎಷ್ಟೋ ಜಾಕೆಟ್ಟುಗಳ ಭುಜ, ಮೊಣಕೈಯಲ್ಲಿ ಒಳ್ಳೆ ಪ್ಯಾಡ್ ಇರುತ್ತೆ, ಬೆನ್ನಲ್ಲಿ ಮಾತ್ರ ಈ ಸ್ಪಂಜು. ಹಾಗಾಗಿ ‘ತೆಗೆಯಲೋ ಬಿಡಲೋ’ ಅಂತ ಚರ್ಚೆ ಮಾಡೋ ಮೊದಲು ಜಿಪ್ ಬಿಚ್ಚಿ ಒಳಗಿರೋದನ್ನು ಓದಿ. 1621-2 ಅಂತ ಇರಬೇಕು, ಪಕ್ಕದಲ್ಲಿ 1 ಅಥವಾ 2. ಟಿ ಪ್ಲಸ್ ಅಂತ ಇದ್ದರೆ 40 ಡಿಗ್ರಿ ಸೆಕೆಯಲ್ಲೂ ಪರೀಕ್ಷೆ ಆಗಿದೆ ಅಂತ. ಏಪ್ರಿಲ್‌ನಲ್ಲಿ ರಾಯಚೂರು ಕಡೆ ಹೊರಟವರು ಇದನ್ನು ಹುಡುಕಿ.

ಈಗ ನನ್ನ ಜಾಕೆಟ್ಟಿನಲ್ಲಿ ಲೆವೆಲ್ 2 ಪ್ಯಾಡು, ಅದರ ಮೇಲೆ ಅದೇ ಹಳೇ ವೆಸ್ಟು, ಲ್ಯಾಪ್‌ಟಾಪು ಹಿಂದಿನ ಸೀಟಿನ ಬ್ಯಾಗಲ್ಲಿ. ಸಿಗ್ನಲ್ಲಿನಲ್ಲಿ ಬೆವರು ಸುರಿಯುತ್ತೆ, ಸುಳ್ಳು ಹೇಳಲ್ಲ. ಮೊನ್ನೆ ಪೆಟ್ರೋಲ್ ಬಂಕಿನಲ್ಲಿ ಹಗ್ಗ ಬಿಚ್ಚೋದು ಮರೆತು ಇಳಿದು ಎರಡು ಹೆಜ್ಜೆ ಹೋದೆ. ಹಗ್ಗ ಜಗ್ಗಿತು, ಉಬ್ಬಲಿಲ್ಲ. ಪೆಟ್ರೋಲ್ ಹಾಕೋ ಹುಡುಗ, ‘ಸಾರ್, ಗಾಡಿ ನಿಮ್ಮನ್ನ ಬಿಡ್ತಿಲ್ಲ’ ಅಂದ.